ಒತ್ತಡವಿಲ್ಲದ ಇಲಿ



ಈ ದತ್ತಿ ಉಪನ್ಯಾಸ ಕನ್ನಡದಲ್ಲೇ ಆಗಬೇಕು ಎಂಬುದು ದಾನಿಗಳು ಹಾಕಿದ ಒಂದೇ ಷರತ್ತು. ಅಂಗಕ್ರಿಯಾಶಾಸ್ತ್ರವನ್ನು ಜೀವಮಾನವಿಡೀ ಇಂಗ್ಲಿಷಿನಲ್ಲಿ ಪಾಠ ಹೇಳಿದ ನನಗೆ ಆ ಷರತ್ತಿನಿಂದ ಉಪಕಾರವೇ ಆಯಿತು. ಬರೆಯಲು ಕೂತ ಮೊದಲ ದಿನವೇ ಎರಡು ಪದಗಳು ನನ್ನನ್ನು ತಡೆದು ನಿಲ್ಲಿಸಿದವು.

ಒಂದು, ಇಲಿ. ಇಂಗ್ಲಿಷಿನಲ್ಲಿ ಮೌಸ್ ಬೇರೆ, ರ‍್ಯಾಟ್ ಬೇರೆ. ನಮಗೆ ಎರಡೂ ಇಲಿಯೇ. ಪ್ರಯೋಗಶಾಲೆಯಲ್ಲಿ ಆ ವ್ಯತ್ಯಾಸವನ್ನು ಮರೆಯುವಂತಿಲ್ಲ. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲೂ ಇದ್ದೇ ಇರುತ್ತದೆ ಎನ್ನಲಾಗದು. ಆದ್ದರಿಂದ ಇಪ್ಪತ್ತೈದು ಗ್ರಾಂ ಆಸುಪಾಸಿನ ಮೌಸನ್ನು ಇವತ್ತು ಸುಂಡಿಲಿ ಎಂದೂ, ಅದರ ಹತ್ತು ಪಟ್ಟು ತೂಗುವ ರ‍್ಯಾಟನ್ನು ದೊಡ್ಡಿಲಿ ಎಂದೂ ಕರೆಯುತ್ತೇನೆ.

ಇನ್ನೊಂದು, ಒತ್ತಡ. ಅದು ಪತ್ರಿಕೆಯ ಪದ. ಮನೆಯಲ್ಲಿ ನಾವು ಟೆನ್ಷನ್ ಅನ್ನುತ್ತೇವೆ. ನನ್ನ ಅಜ್ಜಿಯ ಬಾಯಲ್ಲಿ ಇವೆರಡೂ ಇರಲಿಲ್ಲ. ಆಕೆಯ ಬಳಿ ಗಾಬರಿ ಇತ್ತು, ಕೊರಗು ಇತ್ತು. ಹಿತ್ತಲಲ್ಲಿ ಹಾವು ಕಂಡರೆ ಗಾಬರಿ. ಊರು ಬಿಟ್ಟು ಹೋದ ಮಗ ಕಾಗದ ಬರೆಯದೆ ಹೋದರೆ ಕೊರಗು. ಗಾಬರಿಯಾದವರು ಒಂದು ಲೋಟ ನೀರು ಕುಡಿದರೆ ಸರಿಹೋಗುತ್ತಾರೆ, ಕೊರಗುವವರು ಸೊರಗುತ್ತಾರೆ ಎಂಬುದು ಆಕೆಗೆ ಯಾವ ಪ್ರಯೋಗವೂ ಇಲ್ಲದೆ ತಿಳಿದಿತ್ತು. ಪಠ್ಯಪುಸ್ತಕಗಳು ಅಕ್ಯೂಟ್, ಕ್ರಾನಿಕ್ ಎಂದು ಒಂದೇ ಪದಕ್ಕೆ ಎರಡು ವಿಶೇಷಣ ಅಂಟಿಸುವ ಕಡೆ ಕನ್ನಡ ಎರಡು ಬೇರೆ ಪದಗಳನ್ನೇ ಇಟ್ಟುಕೊಂಡಿದೆ. ಕೊರಗು ಮೈಯನ್ನು ಹೇಗೆ ಸೊರಗಿಸುತ್ತದೆ, ಅದನ್ನು ನಾವು ಇಲಿಗಳಿಂದ ಹೇಗೆ ಕಲಿತೆವು, ಹಾಗೆ ಕಲಿತದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇಂದಿನ ನನ್ನ ವಿಷಯ.

ಗಾಬರಿಗೆ ದೇಹದಲ್ಲಿ ಬಹಳ ಅಚ್ಚುಕಟ್ಟಾದ ಏರ್ಪಾಡಿದೆ. ಮೊದಲ ಕ್ಷಣದಲ್ಲಿ ಸಿಂಪಥೆಟಿಕ್ ನರಗಳು ಎದೆಬಡಿತ ಏರಿಸುತ್ತವೆ. ಕೆಲವು ನಿಮಿಷಗಳಲ್ಲಿ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಈ ಪುಟ್ಟ ಗ್ರಂಥಿ ನಮ್ಮಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಇಲಿಗಳಲ್ಲಿ ಅದರ ಹತ್ತಿರದ ನೆಂಟ ಕಾರ್ಟಿಕೊಸ್ಟೆರೋನ್. ಕೂಡಿಟ್ಟ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ. ಸದ್ಯಕ್ಕೆ ಬೇಡದ ಕೆಲಸಗಳು, ಗಾಯ ಮಾಯಿಸುವುದು, ಬೆಳೆಯುವುದು, ಸಂತಾನ, ಇವೆಲ್ಲ ಮುಂದಕ್ಕೆ ಹೋಗುತ್ತವೆ. ಅಪಾಯ ಕಳೆದ ಮೇಲೆ ಅದೇ ಹಾರ್ಮೋನು ಮಿದುಳಿಗೆ ಮರಳಿ ಹೋಗಿ ಸಾಕು ನಿಲ್ಲಿಸು ಎನ್ನುತ್ತದೆ. ಕೊರಗಿನಲ್ಲಿ ಆಗುವುದಿಷ್ಟೆ: ಹಾವು ಹೋಗುವುದಿಲ್ಲ, ಸಾಕು ಎಂಬ ಮಾತು ಮಿದುಳಿಗೆ ನಾಟುವುದಿಲ್ಲ, ಮುಂದಕ್ಕೆ ಹಾಕಿದ ಕೆಲಸಗಳು ಮುಂದಕ್ಕೇ ಹೋಗುತ್ತಿರುತ್ತವೆ.

ಈ ಅರಿವು ಪ್ರಯೋಗಶಾಲೆಗೆ ಬಂದದ್ದು ಒಂದು ಸೋಲಿನ ಮೂಲಕ. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಹಂಗರಿ ಮೂಲದ ಹಾನ್ಸ್ ಸೆಲ್ಯೆ ಎಂಬ ತರುಣ ಹೊಸ ಹಾರ್ಮೋನೊಂದನ್ನು ಹುಡುಕುತ್ತಿದ್ದ. ಅಂಡಾಶಯದ ಸಾರವನ್ನು ದೊಡ್ಡಿಲಿಗಳಿಗೆ ಚುಚ್ಚಿ ನೋಡಿದಾಗ ಮೂರು ಬದಲಾವಣೆ ಕಂಡವು. ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಎದೆಯೊಳಗಿನ ಥೈಮಸ್ ಗ್ರಂಥಿ ಸುರುಟಿತ್ತು, ಜಠರದಲ್ಲಿ ಹುಣ್ಣು. ಹಾರ್ಮೋನು ಸಿಕ್ಕಿತೆಂದು ಹಿಗ್ಗಿದ. ಆಮೇಲೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಮೂರು. ಫಾರ್ಮಲಿನ್ ಚುಚ್ಚಿದರೂ ಅದೇ ಮೂರು. ಚಳಿಗೆ ಒಡ್ಡಿದರೆ, ದಣಿಯುವವರೆಗೆ ಓಡಿಸಿದರೆ ಮತ್ತೆ ಅದೇ ಮೂರು. ಹಾರ್ಮೋನು ಕೈತಪ್ಪಿತು. ಕಷ್ಟ ಯಾವ ಬಗೆಯದಾದರೂ ದೇಹ ಒಂದೇ ಬಗೆಯಲ್ಲಿ ಸವೆಯುತ್ತದೆ ಎಂಬುದು ಕೈಗೆ ಬಂತು. 1936ರ ಜುಲೈ 4ರ ನೇಚರ್ ಪತ್ರಿಕೆಯಲ್ಲಿ ಒಂದು ಪುಟವೂ ತುಂಬದ ಟಿಪ್ಪಣಿಯಾಗಿ ಅದು ಅಚ್ಚಾಯಿತು.

ಈ ಕತೆಗೆ ಇನ್ನೊಂದು ಎಳೆಯಿದೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ ಅದನ್ನು ಹೇಳುತ್ತಾರೆ. ಸೆಲ್ಯೆಗೆ ಇಲಿ ಹಿಡಿಯುವ ಕೈ ಪಳಗಿರಲಿಲ್ಲವಂತೆ. ಇಲಿ ಕೈಯಿಂದ ಜಾರುವುದು, ಆತ ಪೊರಕೆ ಹಿಡಿದು ಕೋಣೆಯೆಲ್ಲ ಅಟ್ಟಾಡಿಸುವುದು ದಿನನಿತ್ಯದ ಪಾಡು. ಹಾಗಾಗಿ ಬರೀ ಉಪ್ಪುನೀರು ಚುಚ್ಚಿಸಿಕೊಂಡ, ಹೋಲಿಕೆಗೆಂದು ಇಟ್ಟ ಇಲಿಗಳಿಗೂ ಜಠರದಲ್ಲಿ ಹುಣ್ಣು! ಹೇಳುವವರ ಬಾಯಲ್ಲಿ ಕತೆ ಎಷ್ಟು ಬಣ್ಣ ಪಡೆದಿದ್ದರೂ ಅದರ ತಿರುಳು ನನಗೆ ಮುಖ್ಯ. ಹೋಲಿಕೆಯ ಇಲಿಯೂ ಕಾಯಿಲೆ ಬಿದ್ದಿತ್ತು. ಒತ್ತಡದ ಶಾಸ್ತ್ರ ಹುಟ್ಟಿದ್ದೇ ಆ ಇಲಿಯಿಂದ. ಆಮೇಲೆ ನಾವು ಅದನ್ನು ಬಹುಕಾಲ ಮರೆತೆವು. ಅಲ್ಲಿಗೆ ಮತ್ತೆ ಬರುತ್ತೇನೆ.

ಕೊರಗು ಮಿದುಳನ್ನು ಮುಟ್ಟುತ್ತದೆ ಎಂದು ತೋರಿಸಿದವರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯುವನ್ ಮೊದಲಿಗರು. 1968ರಲ್ಲಿ ಅವರು, ಅಡ್ರಿನಲ್ಲಿನ ಹಾರ್ಮೋನು ಇಲಿಯ ಮಿದುಳಿಗೆ ಹೋಗಿ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನೆಲೆಯೂರುವುದನ್ನು ಕಂಡರು. ನೆನಪು ಕಟ್ಟುವ ಜಾಗ ಅದು. ಅಲ್ಲಿಗೇ ಏಕೆ ಹೋಗುತ್ತದೆ? 1992ರ ಹೊತ್ತಿಗೆ ಅವರ ತಂಡ, ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತೊಂದು ದಿನ ಕಟ್ಟಿಹಾಕಿದ ದೊಡ್ಡಿಲಿಗಳಲ್ಲಿ ಹಿಪೊಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಕುಗ್ಗಿದ್ದನ್ನು ತೋರಿಸಿತು. ಕೋಶ ಸತ್ತಿರಲಿಲ್ಲ. ಬರಗಾಲದ ಮರದಂತೆ ಕೊಂಬೆಗಳನ್ನು ಒಳಗೆಳೆದುಕೊಂಡು ನಿಂತಿತ್ತು.

ಇದರ ಮುಂದಿನ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ನಮ್ಮ ಊರಲ್ಲೇ ನಡೆದ ಈ ಕೆಲಸ ಕನ್ನಡ ಓದುಗರಿಗೆ ಇಷ್ಟು ಕಡಿಮೆ ಗೊತ್ತಿರುವುದು ನನಗೆ ಬಹುಕಾಲದ ನೋವು. ಜಿ.ಕೆ.ವಿ.ಕೆ. ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ಅವರ ವಿದ್ಯಾರ್ಥಿಗಳಾದ ಅಜಯ್ ವ್ಯಾಸ್ ಮತ್ತು ರೂಪ್ಶಿ ಮಿತ್ರ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಕೂಡಿ 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದಿನಕ್ಕೆ ಎರಡು ಗಂಟೆ, ಹತ್ತು ದಿನ, ದೊಡ್ಡಿಲಿಗಳನ್ನು ಮಿಸುಕಾಡಲಾಗದಂತೆ ಚೀಲದಲ್ಲಿಟ್ಟರು. ಆಮೇಲೆ ಮಿದುಳನ್ನು ತೆಳುವಾಗಿ ಸೀಳಿ, ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆಯಿಂದ ನೋಡಿದರು. ಆ ಬಣ್ಣದ ಗುಣ ವಿಚಿತ್ರ. ಕಿಕ್ಕಿರಿದ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮರಕ್ಕೆ ಮಾತ್ರ ಬುಡದಿಂದ ತುದಿಯವರೆಗೆ ಮಸಿ ಬಳಿದಂತೆ, ಕೆಲವೇ ನರಕೋಶಗಳು ಪೂರ್ತಿಯಾಗಿ ಕಪ್ಪಾಗುತ್ತವೆ. ಆ ಒಂದೊಂದು ಮರವನ್ನೂ ಸೂಕ್ಷ್ಮದರ್ಶಕದಡಿ ಕೈಯಿಂದ ಗೆರೆ ಎಳೆದು, ಕೊಂಬೆ ಎಣಿಸಿ, ಉದ್ದ ಅಳೆಯಬೇಕು. ಅದನ್ನು ಮಾಡಿದವರಿಗೇ ಗೊತ್ತು ಅದರ ತಾಳ್ಮೆ.

ಹಿಪೊಕ್ಯಾಂಪಸ್ಸಿನಲ್ಲಿ ಕೊಂಬೆಗಳು ಕುಗ್ಗಿದ್ದವು. ಅದು ನಿರೀಕ್ಷಿತ. ಆದರೆ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗದಲ್ಲಿ, ಭಯವನ್ನು ನಿಭಾಯಿಸುವ ಜಾಗದಲ್ಲಿ, ಕೊಂಬೆಗಳು ಬೆಳೆದಿದ್ದವು! ಒಂದೇ ಇಲಿ, ಒಂದೇ ಕಷ್ಟ, ಒಂದೇ ರಕ್ತದಲ್ಲಿ ಹರಿದ ಒಂದೇ ಹಾರ್ಮೋನು. ನೆನಪಿನ ಮರ ಬಾಡಿತ್ತು, ಭಯದ ಮರ ಚಿಗುರಿತ್ತು. 2004ರಲ್ಲಿ ಅದೇ ಪ್ರಯೋಗಶಾಲೆ ಇನ್ನೂ ಒಂದು ಹೆಜ್ಜೆ ಇಟ್ಟಿತು. ಹತ್ತು ದಿನದ ಕಷ್ಟ ಮುಗಿದ ಮೇಲೆ ಇಲಿಗಳಿಗೆ ಇಪ್ಪತ್ತೊಂದು ದಿನ ನೆಮ್ಮದಿ ಕೊಟ್ಟು ನೋಡಿದರೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತ್ತು, ಅಮಿಗ್ಡಲಾ ಹಾಗೇ ಉಳಿದಿತ್ತು, ಇಲಿಗಳ ಅಂಜಿಕೆಯೂ ಉಳಿದಿತ್ತು. 2005ರಲ್ಲಿ ಬಂದ ಫಲಿತಾಂಶವನ್ನು ನಾನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಒಂದೇ ಒಂದು ದಿನ ಎರಡು ಗಂಟೆ ಮಾತ್ರ ಕಟ್ಟಿಹಾಕಿದ ಇಲಿಯಲ್ಲಿ ಮರುದಿನ ಏನೂ ಕಾಣಲಿಲ್ಲ. ಹತ್ತು ದಿನ ಬಿಟ್ಟು ನೋಡಿದಾಗ ಅಮಿಗ್ಡಲಾದ ಕೊಂಬೆಗಳ ಮೇಲೆ ಹೊಸ ಮುಳ್ಳುಗಳು, ಅಂದರೆ ಹೊಸ ಸಂಪರ್ಕ ಕೂಡುವ ಚಿಗುರುಗಳು ಎದ್ದಿದ್ದವು. ಇಲಿ ಆಗ ಅಂಜುತ್ತಿತ್ತು.

ಅಪಘಾತವಾಗಿ ವಾರವೆರಡು ವಾರ ಚೆನ್ನಾಗಿದ್ದು, ಆಮೇಲೆ ರಾತ್ರಿ ಬೆಚ್ಚಿ ಏಳತೊಡಗುವವರನ್ನು ನೀವು ಕಂಡಿರಬಹುದು. ಆಗಲೇ ಆಗದ್ದು ಈಗೇಕೆ ಎಂದು ಮನೆಯವರು ಕೇಳುತ್ತಾರೆ, ನಾಟಕ ಎನ್ನುವವರೂ ಇದ್ದಾರೆ. ಇಲಿಯಿಂದ ಮನುಷ್ಯನಿಗೆ ನೇರ ಗೆರೆ ಎಳೆಯಲು ನಾನು ಒಪ್ಪುವವನಲ್ಲ. ಆದರೂ ಪೆಟ್ಟು ಬಿದ್ದ ಎಷ್ಟೋ ದಿನದ ಮೇಲೆ ಮಿದುಳು ಬದಲಾಗಬಲ್ಲದು ಎಂಬಷ್ಟನ್ನು ಈ ಇಲಿ ತೋರಿಸಿದೆ. ನಾಟಕ ಎನ್ನುವ ನಾಲಿಗೆಯನ್ನು ತಡೆಯಲು ಅಷ್ಟು ಸಾಕು.

ಇನ್ನು ಸುಂಡಿಲಿ. ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಕಪ್ಪು ಸುಂಡಿಲಿಯ ತಳಿಗೆ ಸಿ57 ಬ್ಲ್ಯಾಕ್ 6 ಎಂದು ಹೆಸರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರಲ್ಲಿ ಆ್ಯಬಿ ಲ್ಯಾತ್ರಪ್ ಎಂಬ ಮಹಿಳೆ ಇಲಿ ಸಾಕಿ ಮಾರುತ್ತಿದ್ದರು. ಆಕೆಯ ಇಲಿಗಳಿಂದ 1921ರಲ್ಲಿ ಕ್ಲಾರೆನ್ಸ್ ಲಿಟ್ಲ್ ಕಟ್ಟಿದ ತಳಿ ಇದು. 57 ಎಂಬುದು ಮೂಲತಾಯಿಯ ಸಂಖ್ಯೆ. ತಲೆಮಾರುಗಳ ಕಾಲ ಒಡಹುಟ್ಟಿದವುಗಳನ್ನೇ ಕೂಡಿಸಿದ್ದರಿಂದ ಈ ತಳಿಯ ಎರಡು ಇಲಿಗಳು ಅವಳಿಗಳಂತೆ, ವಂಶವಾಹಿಗಳಲ್ಲಿ ಹೆಚ್ಚುಕಡಿಮೆ ಒಂದೇ. ಈ ಮಾತನ್ನು ದಯವಿಟ್ಟು ನೆನಪಿಡಿ.

2006ರಲ್ಲಿ ಎರಿಕ್ ನೆಸ್ಲರ್ ಅವರ ತಂಡ ಸುಂಡಿಲಿಗೆ ಸಾಮಾಜಿಕ ಸೋಲಿನ ಪ್ರಯೋಗ ರೂಪಿಸಿತು. ಕಪ್ಪು ಗಂಡು ಸುಂಡಿಲಿಯನ್ನು ಅದಕ್ಕಿಂತ ದಪ್ಪನಾದ, ಜಗಳಗಂಟ ಬಿಳಿ ಗಂಡಿನ ಪಂಜರಕ್ಕೆ ಬಿಡುವುದು. ಕೆಲವು ನಿಮಿಷ ಪೆಟ್ಟು ತಿನ್ನುತ್ತದೆ. ಆಮೇಲೆ ನಡುವೆ ತೂತುಗಳಿರುವ ತಡಿಕೆ ಇಡುತ್ತಾರೆ. ಪೆಟ್ಟು ನಿಲ್ಲುತ್ತದೆ; ಹೊಡೆದವನ ಮುಖ, ವಾಸನೆ, ಸದ್ದು ಮಾತ್ರ ಇಡೀ ದಿನ ಪಕ್ಕದಲ್ಲೇ. ಮರುದಿನ ಬೇರೊಬ್ಬ ಜಗಳಗಂಟ. ಹೀಗೆ ಹತ್ತು ದಿನ. ಹೊಡೆತಕ್ಕಿಂತ ಆ ತಡಿಕೆಯಾಚೆಯ ಸಹವಾಸವೇ ಈ ಪ್ರಯೋಗದ ಜೀವಾಳ ಎಂದು ನನ್ನ ಅಭಿಪ್ರಾಯ. ಕಚೇರಿಯಲ್ಲೋ ಮನೆಯಲ್ಲೋ ಅಂಥ ತಡಿಕೆಯ ಈಚೆ ಬದುಕಿದವರಿಗೆ ನಾನು ವಿವರಿಸಬೇಕಿಲ್ಲ.

ಹತ್ತು ದಿನದ ನಂತರ ಅನೇಕ ಇಲಿಗಳು ಬೇರೆ ಇಲಿ ಕಂಡರೆ ಮೂಲೆ ಸೇರುತ್ತವೆ, ಸಕ್ಕರೆ ನೀರಿನ ಆಸೆಯೂ ಕುಗ್ಗುತ್ತದೆ. ಆದರೆ ಎಲ್ಲವೂ ಅಲ್ಲ. ಸುಮಾರು ಮೂರನೆಯ ಒಂದು ಭಾಗ ಮೊದಲಿನಂತೆಯೇ ಹೊಸ ಇಲಿಯ ಬಳಿ ಹೋಗಿ ಮೂಸುತ್ತವೆ. ಒಂದೇ ವಂಶವಾಹಿ, ಒಂದೇ ಪೆಟ್ಟು, ಎರಡು ಫಲ. 2007ರಲ್ಲಿ ವೈಷ್ಣವ್ ಕೃಷ್ಣನ್ ಮತ್ತು ಸಂಗಡಿಗರು ಈ ಗಟ್ಟಿ ಇಲಿಗಳ ಮಿದುಳನ್ನು ನೋಡಿದರು. ಪೆಟ್ಟು ಇವುಗಳಿಗೆ ತಟ್ಟಿಲ್ಲ, ಆದ್ದರಿಂದ ಇಲ್ಲಿ ಏನೂ ಬದಲಾಗಿರಲಾರದು ಎಂದು ಯಾರಾದರೂ ಊಹಿಸುತ್ತಿದ್ದರು. ಕಂಡದ್ದು ತದ್ವಿರುದ್ಧ. ಉತ್ಸಾಹಕ್ಕೆ ಸಂಬಂಧಿಸಿದ ಡೋಪಮೈನ್ ಕೋಶಗಳಿರುವ ಜಾಗದಲ್ಲಿ, ಕುಸಿದ ಇಲಿಗಳಿಗಿಂತ ಗಟ್ಟಿ ಇಲಿಗಳಲ್ಲೇ ಹೆಚ್ಚು ವಂಶವಾಹಿಗಳ ಚಟುವಟಿಕೆ ಬದಲಾಗಿತ್ತು. ಅವು ಆ ಕೋಶಗಳ ಅತಿಯಾದ ಮಿಡಿತವನ್ನು ತಗ್ಗಿಸುವ ಪೊಟ್ಯಾಸಿಯಂ ಬಾಗಿಲುಗಳನ್ನು ಹೆಚ್ಚಿಸಿಕೊಂಡಿದ್ದವು. ತಾಳಿಕೆ ಎಂಬುದು ದೇಹ ಮಾಡುವ ಕೆಲಸ. ಹೊರಗಿನಿಂದ ಕಾಣದ, ದುಬಾರಿಯಾದ ಕೆಲಸ. ಈ ಗಟ್ಟಿ ಇಲಿಗಳಲ್ಲೂ ಅಂಜಿಕೆಯ ಲಕ್ಷಣಗಳು ಇದ್ದವು ಎಂಬುದನ್ನು ಆ ಪ್ರಬಂಧವೇ ಹೇಳುತ್ತದೆ. ಚೆನ್ನಾಗಿಯೇ ಇದ್ದಾಳಲ್ಲ ಎಂದು ನಾವು ಯಾರ ಬಗ್ಗೆ ಹೇಳುತ್ತೇವೋ ಅವರನ್ನು ನೆನೆದು ನಾನು ಈ ಸಾಲನ್ನು ಪಾಠದಲ್ಲಿ ಎರಡು ಸಲ ಓದಿಸುತ್ತಿದ್ದೆ.

ಕೊರಗು ಮಿದುಳಿನಾಚೆಗೂ ತಟ್ಟುತ್ತದೆ; ಚರ್ಮ ಮತ್ತು ಕೂದಲಿನ ಮಾತನ್ನು ಬೇಗ ಮುಗಿಸುತ್ತೇನೆ. 1995ರಲ್ಲಿ ಅಮೆರಿಕದ ಓಹಾಯೊದಲ್ಲಿ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ ಮಾಡಿದ ಪುಟ್ಟ ಗಾಯ ಮಾಯಲು ಸರಾಸರಿ 48.7 ದಿನ ಹಿಡಿಯಿತು. ಹೋಲಿಕೆಯ ಮಹಿಳೆಯರಲ್ಲಿ 39.3 ದಿನ. ಮೂರು ವರ್ಷದ ನಂತರ ಕಟ್ಟಿಹಾಕಿದ ಸುಂಡಿಲಿಗಳಲ್ಲೂ ಗಾಯ ನಿಧಾನವಾಗಿ ಮಾಯುವುದು ಕಂಡಿತು. ಇಲ್ಲಿ ಮನುಷ್ಯ ಮೊದಲು, ಇಲಿ ಆಮೇಲೆ ಎಂಬುದನ್ನು ಗಮನಿಸಿ. 2020ರಲ್ಲಿ ಹಾರ್ವರ್ಡ್‌ನ ಯಾ-ಚಿಯೆ ಶೂ ಅವರ ತಂಡ ಕಪ್ಪು ಸುಂಡಿಲಿಯ ರೋಮ ಕಷ್ಟದಿಂದ ಬೆಳ್ಳಗಾಗುವುದನ್ನು ತೋರಿಸಿತು. ಕಾರಣ ಅಡ್ರಿನಲ್ಲಿನ ಹಾರ್ಮೋನು ಇರಬೇಕೆಂದು ಎಲ್ಲರ ಊಹೆ. ಆ ಗ್ರಂಥಿಯನ್ನು ತೆಗೆದರೂ ರೋಮ ನರೆಯಿತು. ರೋಮದ ಬುಡಕ್ಕೆ ಬರುವ ಸಿಂಪಥೆಟಿಕ್ ನರ ಸುರಿಸುವ ನಾರಡ್ರಿನಲಿನ್ ಎಂಬ ರಾಸಾಯನಿಕ, ರೋಮಕ್ಕೆ ಬಣ್ಣ ಕೊಡುವ ಕಾಂಡಕೋಶಗಳನ್ನು ಒಮ್ಮೆಲೇ ಖರ್ಚು ಮಾಡಿಸಿಬಿಟ್ಟಿತ್ತು.

ಈಗ ಹೋಲಿಕೆಯ ಇಲಿಗೆ ಬರೋಣ. ಮೇಲೆ ಹೇಳಿದ ಇಲಿಗಳ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಕಷ್ಟ ಕೊಟ್ಟು, ಇನ್ನೊಂದನ್ನು ಕಷ್ಟವಿಲ್ಲದೆ ಇಟ್ಟು, ಎರಡನ್ನೂ ಹೋಲಿಸಿದ್ದಾರೆ. ಕಷ್ಟವಿಲ್ಲದ ಇಲಿ ಎಂದರೆ ಯಾವುದು?

ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಕಾಲೇಜಿನ ಪ್ರಾಣಿಮನೆಯಲ್ಲಿ ಭತ್ತದ ಹೊಟ್ಟಿನ ಹಾಸಿನ ಮೇಲೆ ನನ್ನ ಸುಂಡಿಲಿಗಳಿದ್ದವು. ಬಾಲ ಹಿಡಿದು ಎತ್ತಬೇಕು ಎಂದು ಹಿರಿಯರು ಕಲಿಸಿದರು, ನಾನೂ ಹಾಗೇ ಎತ್ತಿದೆ. ಬೇಸಿಗೆಯ ರಾತ್ರಿ ಕರೆಂಟು ಹೋದರೆ ಕೋಣೆ ಕಾಯುತ್ತಿತ್ತು. ಹಗಲು ಮಲಗುವ ಪ್ರಾಣಿಯನ್ನು ಹಗಲಿನಲ್ಲಿ ಎಬ್ಬಿಸಿ ಪರೀಕ್ಷೆ ಮಾಡಿದೆ, ನನ್ನ ಬಸ್ಸಿನ ಸಮಯಕ್ಕೆ ಅದೇ ಅನುಕೂಲ ಎಂದು. ಪ್ರಬಂಧದಲ್ಲಿ ಅವನ್ನು ಸಾಮಾನ್ಯ ಇಲಿಗಳು ಎಂದು ಬರೆದೆ. ಆ ಪದವನ್ನು ಇಂದು ಬರೆಯಲಾರೆ.

2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಸರಳವಾದ ಒಂದು ಪ್ರಯೋಗ ಮಾಡಿದರು. ಕೆಲವು ಸುಂಡಿಲಿಗಳನ್ನು ಬಾಲ ಹಿಡಿದು ಎತ್ತಿದರು. ಕೆಲವನ್ನು ಬೊಗಸೆಯಲ್ಲಿ, ಕೆಲವನ್ನು ಕೊಳವೆಯೊಳಗೆ ತಾವಾಗಿ ಹೊಕ್ಕ ಮೇಲೆ ಎತ್ತಿದರು. ಬಾಲ ಹಿಡಿಸಿಕೊಂಡವು ಮನುಷ್ಯನ ಕೈ ಕಂಡರೆ ದೂರ ಸರಿದವು, ಅಂಜಿಕೆಯ ಪರೀಕ್ಷೆಗಳಲ್ಲಿ ಹೆಚ್ಚು ಅಂಜಿದವು. ಪ್ರಯೋಗಶಾಲೆಗಳು ಅದುವರೆಗೆ ಅಳೆದ ಅಂಜಿಕೆಯಲ್ಲಿ ಎಷ್ಟು ಪಾಲು ನಮ್ಮ ಬೆರಳುಗಳದು? 2014ರಲ್ಲಿ ಜೆಫ್ರಿ ಮೋಗಿಲ್ ಅವರ ತಂಡ, ಅದೂ ಸೆಲ್ಯೆ ಇದ್ದ ಅದೇ ಮೆಕ್‌ಗಿಲ್‌ನಲ್ಲಿ, ಪ್ರಯೋಗ ಮಾಡುವವರು ಗಂಡಸರಾದರೆ ಅವರ ವಾಸನೆಗೇ ಇಲಿಗಳ ಒತ್ತಡ ಏರುತ್ತದೆ ಎಂದು ತೋರಿಸಿತು. ಗಂಡಸು ತೊಟ್ಟ ಅಂಗಿಯನ್ನು ಹತ್ತಿರ ಇಟ್ಟರೂ ಸಾಕಾಗಿತ್ತು. ಇನ್ನೊಂದು, ಚಳಿ. ಪ್ರಯೋಗಶಾಲೆಯ ಕೋಣೆಗಳನ್ನು ಸಾಮಾನ್ಯವಾಗಿ 20ರಿಂದ 24 ಡಿಗ್ರಿಯಲ್ಲಿಡುತ್ತಾರೆ. ಕೋಟು ತೊಟ್ಟ ಮನುಷ್ಯನಿಗೆ ಹಿತ. ಬೆತ್ತಲೆ ಬಾಲದ ಪುಟ್ಟ ಸುಂಡಿಲಿಗೆ ಹಿತವಾಗುವುದು 30ರ ಹತ್ತಿರ. ಗೂಡು ಕಟ್ಟಲು ಹತ್ತಿ ಕೊಡದಿದ್ದರೆ, ಒಂಟಿಯಾಗಿಟ್ಟರೆ, ಏನೂ ಮಾಡದ ಹೋಲಿಕೆಯ ಇಲಿಯ ದೇಹ ಹಗಲಿರುಳು ಬೆಚ್ಚಗಿರಲು ಹೆಣಗುತ್ತಲೇ ಇರುತ್ತದೆ.

ಇಷ್ಟು ಸಾಲದೆಂಬಂತೆ, 1999ರಲ್ಲಿ ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಆಲ್ಬನಿ, ಪೋರ್ಟ್‌ಲೆಂಡ್, ಎಡ್ಮಂಟನ್ ಎಂಬ ಮೂರು ಊರುಗಳಲ್ಲಿ ಒಂದೇ ತಳಿಗಳು, ಒಂದೇ ಉಪಕರಣ, ಒಂದೇ ವೇಳಾಪಟ್ಟಿಯಿಂದ ಪರೀಕ್ಷೆ ನಡೆಸಿದರು. ಕೆಲವು ಫಲಿತಾಂಶಗಳು ಊರಿಂದ ಊರಿಗೆ ಬೇರೆಯಾದವು. ಜೊತೆಗೆ ಈ ಶಾಸ್ತ್ರದ ಬಹುಪಾಲು ಗಂಡು ಇಲಿಗಳ ಮೇಲೆ ನಿಂತಿದೆ. ಸಾಮಾಜಿಕ ಸೋಲಿನ ಪ್ರಯೋಗವನ್ನೇ ನೋಡಿ: ಜಗಳಗಂಟ ಗಂಡು ಹೆಣ್ಣನ್ನು ಹೊಡೆಯುವುದಿಲ್ಲ, ಆದ್ದರಿಂದ ಹೆಣ್ಣು ಇಲಿ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ಮನುಷ್ಯರಲ್ಲಿ ಖಿನ್ನತೆ ಹೆಂಗಸರಿಗೇ ಹೆಚ್ಚು ಎಂದು ತಿಳಿದೂ ನಾವು ಹೀಗೆ ಮಾಡಿದೆವು. ಇದನ್ನು ತಪ್ಪು ಎಂದೇ ಕರೆಯಬೇಕು.

ಪದಗಳಲ್ಲೂ ನಾವು ಎಚ್ಚರ ತಪ್ಪಿದ್ದೇವೆ. 1977ರಲ್ಲಿ ಪೊರ್ಸೊಲ್ಟ್ ರೂಪಿಸಿದ ಈಜಿನ ಪರೀಕ್ಷೆಯಲ್ಲಿ ಇಲಿಯನ್ನು ನೀರಿನ ಪಾತ್ರೆಗೆ ಬಿಡುತ್ತಾರೆ. ಸ್ವಲ್ಪ ಹೊತ್ತು ಒದ್ದಾಡಿ ಅದು ತೇಲುತ್ತಾ ನಿಲ್ಲುತ್ತದೆ. ಆ ನಿಲ್ಲುವಿಕೆಗೆ ಹತಾಶೆ ಎಂದು ಹೆಸರಿಟ್ಟರು. ದಾರಿಯಿಲ್ಲದ ಕಡೆ ಶಕ್ತಿ ಉಳಿಸಿಕೊಂಡು ತೇಲುವುದು ಜಾಣತನವೂ ಇರಬಹುದಲ್ಲ? ಇಲಿಗೆ ಖಿನ್ನತೆ ಬಂತು ಎಂದು ಬರೆಯುವ ಬದಲು ಇಲಿ ಇಷ್ಟು ಸೆಕೆಂಡು ತೇಲಿತು ಎಂದು ಬರೆಯೋಣ. ಕಂಡದ್ದು ಅಷ್ಟೇ.

ಹಾಗಾದರೆ ಎಲ್ಲವೂ ಸುಳ್ಳೆ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಬೇರೆ ಬೇರೆ ಕೈಗಳು ಬೇರೆ ಬೇರೆ ಊರುಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿಗಳು, ಹಿಪೊಕ್ಯಾಂಪಸ್ಸಿನ ಕುಗ್ಗುವಿಕೆಯಂಥವು, ಗಟ್ಟಿಯಾಗಿ ನಿಂತಿವೆ. ಆದರೆ ಪ್ರಾಣಿಯ ನೋವಿನ ಬೆಲೆ ತೆತ್ತು ಪಡೆಯುವ ಜ್ಞಾನವಿದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ಮಾತು ಹೇಳಿದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ದಾರಿ, ಇಲ್ಲವಾದರೆ ಕಡಿಮೆ ಪ್ರಾಣಿಗಳು, ಇರುವವಕ್ಕೆ ಕಡಿಮೆ ನೋವು. ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯಿದೆ 1960ರದು. ಇಂದು ಪ್ರತಿ ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಸಮಿತಿಗಳು ಕಷ್ಟ ಕೊಡುವ ಗುಂಪನ್ನು ಕುರಿತು ಸರಿಯಾಗಿಯೇ ಹತ್ತು ಪ್ರಶ್ನೆ ಕೇಳುತ್ತವೆ. ಹೋಲಿಕೆಯ ಗುಂಪನ್ನು ಕುರಿತೂ ಅಷ್ಟೇ ಕೇಳಬೇಕೆಂದು ನನ್ನ ಒತ್ತಾಯ. ಕೊರಗುವ ಇಲಿಯನ್ನು ಕೊರಗುವ ಇಲಿಯ ಜೊತೆ ಹೋಲಿಸಿದರೆ ಸಿಗುವ ಉತ್ತರ ಮಸುಕಾಗಿರುತ್ತದೆ, ಆಗ ಎರಡೂ ಗುಂಪಿನ ಪ್ರಾಣಿಗಳು ಸುಮ್ಮನೆ ಸತ್ತಂತಾಗುತ್ತದೆ.

ಇಲ್ಲಿ ಕೂತಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಪ್ರಬಂಧದಲ್ಲಿ ಹೋಲಿಕೆಯ ಇಲಿ ಹೇಗೆ ಬದುಕಿತ್ತು ಎಂಬುದನ್ನು ಬರೆಯಿರಿ: ಎಷ್ಟು ಜೊತೆಗಾರರಿದ್ದರು, ಕೋಣೆ ಎಷ್ಟು ಬೆಚ್ಚಗಿತ್ತು, ಗೂಡಿಗೆ ಏನು ಕೊಟ್ಟಿರಿ, ಯಾರು ಎತ್ತಿದರು, ಹೇಗೆ ಎತ್ತಿದರು. ನಾಳೆ ಬೆಳಿಗ್ಗೆ ಪಂಜರದ ಮುಚ್ಚಳ ತೆಗೆದಾಗ ಬಾಲಕ್ಕೆ ಕೈ ಹಾಕಬೇಡಿ. ಒಂದು ಕೊಳವೆಯನ್ನು ಒಳಗಿಡಿ, ಇಲಿ ತಾನಾಗಿ ಹೊಗುವವರೆಗೆ ಕಾಯಿರಿ.